ಅವಳಿಗೆ ಕೇಳಿಸಿದ್ದು

— ಚಿತ್ರಕಥೆ ಓದಿದ್ರಾ, ಅತ್ತೆ?

— ಎರಡು ಸಲ ಓದಿದೆ. ಮೊದಲರ್ಧ ತುಂಬ ಚೆನ್ನಾಗಿದೆ ಕಣೇ. ಮೂರನೇ ಮಹಡಿಯಲ್ಲಿ ಒಬ್ಬಳೇ ಇರೋ ಹೆಂಗಸು, ಮನೆಯಿಂದಲೇ ಕೆಲಸ, ರಾತ್ರಿ ಹನ್ನೊಂದು ದಾಟಿದ ಮೇಲೆ ಮೇಲಿನ ಮನೆಯಲ್ಲಿ ಮಂಚ ಎಳೆಯೋ ಸದ್ದು, ಹಿಮ್ಮಡಿ ಊರಿ ಯಾರೋ ಓಡಾಡೋ ಸದ್ದು. ಅವಳು ದೂರು ಕೊಡ್ತಾಳೆ, ಅಸೋಸಿಯೇಷನ್ನಿನವರು ನಗ್ತಾರೆ, ಅಣ್ಣ ಫೋನಿನಲ್ಲಿ ‘ನಿದ್ದೆ ಮಾತ್ರೆ ತಗೋ’ ಅಂತಾನೆ. ಅಲ್ಲೀವರೆಗೂ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಕೊನೆಗೆ ಸೆಕ್ಯೂರಿಟಿಯವನು ಬೀಗ ತೆಗೆದರೆ ಮೇಲಿನ ಮನೆ ವರ್ಷದಿಂದ ಖಾಲಿ. ಎಲ್ಲ ಅವಳ ತಲೆಯೊಳಗಿನ ಸದ್ದು. ಅಲ್ಲಿ ನೀನು ಅವಳ ಕೈ ಬಿಟ್ಟೆ.

— ಥ್ರಿಲ್ಲರ್ ಅಂದ್ರೆ ಅದೇ ಅಲ್ವಾ ಅತ್ತೆ? ಪ್ರೇಕ್ಷಕ ನಂಬಿಕೊಂಡು ಬಂದ ನೆಲ ಕೊನೆಯಲ್ಲಿ ಕುಸಿಯಬೇಕು. ರಾಮ್ ಗೋಪಾಲ್ ವರ್ಮಾ 1999ರಲ್ಲಿ ‘ಕೌನ್’ ಮಾಡಿದಾಗಲೂ ಅಷ್ಟೇ. ಮಳೆ, ದೊಡ್ಡ ಮನೆ, ಒಂಟಿ ಹುಡುಗಿ, ಬಾಗಿಲು ಬಡಿಯೋ ಅಪರಿಚಿತ. ನಾವೆಲ್ಲ ಅವಳಿಗೋಸ್ಕರ ಹೆದರ್ತೀವಿ. ಕೊನೆಗೆ ನೋಡಿದರೆ ಹೆದರಬೇಕಾಗಿದ್ದಿದ್ದೇ ಅವಳಿಗೆ.

— ‘ಕೌನ್’ನಲ್ಲಿ ಇರೋ ಪ್ರಶ್ನೆ ಬಾಗಿಲು ತೆಗೀಬೇಕೋ ಬೇಡವೋ ಅನ್ನೋದು. ಅಲ್ಲಿ ನಾಯಕಿ ಊರ್ಮಿಳಾ ಮನೆ ಮನೆಗೆ ಹೋಗಿ ‘ನನ್ನ ಮಾತು ನಂಬಿ’ ಅಂತ ಕೇಳ್ಕೊಳ್ಳಲ್ಲ. ನಿನ್ನ ಕಥೆಯ ಹೆಂಗಸು ಅದನ್ನೇ ಮಾಡ್ತಾಳೆ. ಎರಡು ಗಂಟೆ ಹೊತ್ತು ಜಗತ್ತೆಲ್ಲ ಅವಳಿಗೆ ‘ನಿನ್ನ ಭ್ರಮೆ’ ಅಂತ ಹೇಳಿದೆ. ಕೊನೆಯಲ್ಲಿ ಕಥೆಗಾರ್ತಿಯೂ ಎದ್ದು ಬಂದು ‘ಹೌದು, ಭ್ರಮೆಯೇ’ ಅಂದರೆ, ಅಷ್ಟೂ ಹೊತ್ತು ನಕ್ಕವರು ಗೆದ್ದ ಹಾಗೆ ಆಯ್ತಲ್ಲ.

— ನೀವು ಕಿವಿಯ ಡಾಕ್ಟರಮ್ಮನಾಗಿ ಮಾತಾಡ್ತಿದ್ದೀರಿ.

— ಡಾಕ್ಟರಲ್ಲ, ಶ್ರವಣ ತಜ್ಞೆ. ಆದರೆ ಹೌದು, ಅಲ್ಲಿಂದಲೇ ಮಾತಾಡ್ತಿದ್ದೀನಿ. ನನ್ನ ಎದುರು ಕೂತು ಅತ್ತವರಲ್ಲಿ ಹೆಚ್ಚಿನವರು ಕಿವಿ ಕೇಳಿಸದವರಲ್ಲ. ಬೇರೆ ಯಾರಿಗೂ ಕೇಳದ್ದು ತಮಗೆ ಕೇಳ್ತಿದೆ ಅನ್ನೋರು. ಕಿವಿಯೊಳಗಿನ ಮೊರೆತ ಇದೆಯಲ್ಲ, ಹೊರಗೆ ಸದ್ದೇ ಇಲ್ಲದೆ ದಿನವಿಡೀ ಗುಂಯ್‌ಗುಡೋದು, ಅದೂ ಸುಳ್ಳಲ್ಲ. ಒಳಗಿವಿಯಿಂದ ಬರೋ ಸಂಕೇತ ಕಡಿಮೆಯಾದಾಗ ಮಿದುಳು ತಾನೇ ದನಿ ಏರಿಸಿಕೊಳ್ಳುತ್ತೆ. ಮೂಲ ಹೊರಗಿಲ್ಲ ಅಷ್ಟೇ, ಕೇಳಿಸೋದು ನಿಜ. ಹಾಗಾಗಿ ನೀನು ‘ತಲೆಯೊಳಗಿನ ಸದ್ದು’ ಅಂತ ಬರೆದರೂ ಅಲ್ಲಿಗೆ ಕಥೆ ಮುಗಿಯಲ್ಲ. ನೀನು ಮುಗಿಸಿಬಿಟ್ಟಿದ್ದೀಯ.

— ಹಾಗಾದ್ರೆ ಮೇಲಿನ ಮನೆಯಲ್ಲಿ ನಿಜವಾಗಲೂ ಒಬ್ಬ ಖಳನಾಯಕ ಇರಬೇಕಾ? ಅದು ಹಳೇ ಕಥೆ ಆಗಲ್ವಾ?

— ಹಳೇದು ಅಂತ ಬಿಟ್ಟುಬಿಡೋಕೆ ಮುಂಚೆ ‘ಗ್ಯಾಸ್‌ಲೈಟ್’ ಇನ್ನೊಂದು ಸಲ ನೋಡು. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ನಾಟಕ. 1944ರಲ್ಲಿ ಜಾರ್ಜ್ ಕ್ಯೂಕರ್ ಸಿನಿಮಾ ಮಾಡಿದರು, ಇಂಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ಬಂತು. ಲಂಡನ್ನಿನ ಮನೆ, ಹೊಸದಾಗಿ ಮದುವೆಯಾದ ಪೌಲಾ. ಅದೇ ಮನೆಯಲ್ಲಿ ಹಿಂದೆ ಅವಳನ್ನ ಸಾಕಿದ ಚಿಕ್ಕಮ್ಮನ ಕೊಲೆಯಾಗಿದೆ. ಗಂಡ ಸಂಜೆ ಹೊರಗೆ ಹೋದ ಸ್ವಲ್ಪ ಹೊತ್ತಿಗೆ ಕೋಣೆಯ ಅನಿಲ ದೀಪ ಸಣ್ಣಗಾಗುತ್ತೆ. ಆಮೇಲೆ ತಲೆ ಮೇಲೆ, ಮುಚ್ಚಿಹಾಕಿದ ಅಟ್ಟದಲ್ಲಿ, ಹೆಜ್ಜೆ ಸದ್ದು.

— ಗಂಡನೇ ಅಲ್ವಾ ಅದು?

— ಗಂಡನೇ. ಆದರೆ ಅವನು ಹೋಗೋ ದಾರಿ ನೋಡು. ಹತ್ತಿರದ ಒಂದು ಖಾಲಿ ಮನೆಗೆ ನುಗ್ಗಿ, ಅಲ್ಲಿಂದ ಛಾವಣಿ ಮೇಲೆ ನಡೆದು, ತನ್ನದೇ ಮನೆಯ ಅಟ್ಟಕ್ಕೆ ಇಳೀತಾನೆ, ಸತ್ತವಳ ಒಡವೆ ಹುಡುಕೋಕೆ. ಮೇಲೆ ಅವನು ದೀಪ ಹಚ್ಚಿದಾಗ ಕೆಳಗಿನ ದೀಪಕ್ಕೆ ಅನಿಲದ ಒತ್ತಡ ಕಡಿಮೆಯಾಗುತ್ತೆ. ಅಂದರೆ ಅವಳಿಗೆ ಕಂಡಿದ್ದಕ್ಕೂ ಕೇಳಿಸಿದ್ದಕ್ಕೂ ಕೊಳವೆ, ಹಲಗೆಗಳ ಸೀದಾ ಕಾರಣ ಇದೆ. ಆದರೆ ಮನೆಗೆ ಬಂದ ಗಂಡ, ನೀನು ಮರೀತೀಯ, ವಸ್ತು ಬಚ್ಚಿಡ್ತೀಯ, ನಿನ್ನ ಬುದ್ಧಿ ಸರಿ ಇಲ್ಲ ಅಂತ ದಿನಾ ಅವಳ ತಲೆಗೆ ತುಂಬ್ತಾನೆ. ಅವಳು ನಂಬೋಕೂ ಶುರು ಮಾಡ್ತಾಳೆ. ನನಗೆ ಆ ಸಿನಿಮಾದ ಭಯ ಅಟ್ಟದಲ್ಲಿಲ್ಲ, ಅವಳು ನಂಬೋಕೆ ಶುರು ಮಾಡ್ತಾಳಲ್ಲ, ಅಲ್ಲಿದೆ. ಆಮೇಲೆ ಪೊಲೀಸಿನವನೊಬ್ಬ ಅವಳ ಎದುರು ಕೂತಿರುವಾಗಲೇ ದೀಪ ಸಣ್ಣಗಾಗುತ್ತೆ, ಅವನೂ ನೋಡ್ತಾನೆ. ಆಗ ಬರ್ಗ್‌ಮನ್ ಮುಖ ನೋಡಬೇಕು ನೀನು. ಇನ್ನೊಬ್ಬರಿಗೂ ಕಂಡಿತು ಅನ್ನೋದೊಂದೇ ಅವಳನ್ನ ವಾಪಸ್ ಕರ್ಕೊಂಡು ಬರುತ್ತೆ.

— ಅಲ್ಲಿ ಪ್ರೇಕ್ಷಕರಿಗೂ ದೀಪ ಸಣ್ಣಗಾಗೋದು ಕಾಣಿಸುತ್ತೆ. ನನ್ನ ಚಿತ್ರಕಥೆಯಲ್ಲೂ ಪ್ರೇಕ್ಷಕರಿಗೆ ಸದ್ದು ಕೇಳಿಸುತ್ತಲ್ಲ.

— ಕೇಳಿಸುತ್ತೆ, ಆಮೇಲೆ ನೀನು ‘ಅದು ಸುಳ್ಳು’ ಅಂತೀಯ. ಕಾದಂಬರಿಗಾರ್ತಿ ತ್ರಿವೇಣಿ ಹಾಗೆ ಮಾಡಲಿಲ್ಲ. ‘ಶರಪಂಜರ’ದ ಕಾವೇರಿಗೆ ಬಾಣಂತನದ ಹೊತ್ತಲ್ಲಿ ಮನಸ್ಸು ಕೆಟ್ಟಿದ್ದು ನಿಜ. ಆಸ್ಪತ್ರೆಯಿಂದ ಗುಣವಾಗಿ ಬಂದಿದ್ದೂ ನಿಜ. ಆದರೆ ವಾಪಸ್ ಬಂದವಳ ಒಂದೊಂದು ಮಾತನ್ನೂ ಹುಚ್ಚಿಯ ಮಾತು ಅಂತಲೇ ಎಲ್ಲರೂ ತೂಗ್ತಾರೆ. ನೆರೆಯವರ ಪಿಸುಮಾತು, ಗಂಡನ ನಡತೆ, ಅವಳು ನೋಡಿದ್ದೆಲ್ಲ ಸರಿಯಾಗೇ ನೋಡಿರ್ತಾಳೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನ ಸಿನಿಮಾ ಮಾಡಿದಾಗ ಕಲ್ಪನಾ ಅಭಿನಯಕ್ಕೆ ಥಿಯೇಟರಿನಲ್ಲಿ ಹೆಂಗಸರು ಅತ್ತರು. ಹುಚ್ಚು ನೋಡಿ ಅತ್ತಿದ್ದಲ್ಲ ಅಂತ ನನ್ನ ನಂಬಿಕೆ.

— ಸರಿ. ಆದರೆ ನನಗೊಂದು ಕಷ್ಟ ಇದೆ. ಹೆಜ್ಜೆ ಸದ್ದಿಗೆಲ್ಲ ಯಾರು ಅಷ್ಟು ಹೆದರ್ತಾರೆ ಅನ್ನೋದು ನಿರ್ಮಾಪಕರ ಪ್ರಶ್ನೆ. ಲೌಡ್‌ಸ್ಪೀಕರ್ ಇಡಿ, ಡಿಜೆ ಇಡಿ ಅಂತಾರೆ.

— ಅವರಿಗೆ ಗ್ಲಾಸ್ ಮತ್ತು ಸಿಂಗರ್ ಪ್ರಯೋಗ ಹೇಳು. ಡೇವಿಡ್ ಗ್ಲಾಸ್, ಜೆರೋಮ್ ಸಿಂಗರ್ ಅಂತ ಇಬ್ಬರು ಅಮೆರಿಕದ ಮನೋವಿಜ್ಞಾನಿಗಳು. 1972ರಲ್ಲಿ ಅವರ ಪುಸ್ತಕ ಬಂತು. ಜನರನ್ನ ಕೂರಿಸಿ ಕರ್ಕಶ ಸದ್ದು ಕೇಳಿಸಿದರು. ಟೈಪ್‌ರೈಟರ್, ಯಂತ್ರ, ಗೊತ್ತಿಲ್ಲದ ಭಾಷೆಯ ಮಾತು ಎಲ್ಲ ಕಲಸಿದ್ದು. ಕೆಲವರಿಗೆ ಸದ್ದು ಲೆಕ್ಕಕ್ಕೆ ಸರಿಯಾಗಿ ಬರ್ತಿತ್ತು, ಕೆಲವರಿಗೆ ಯಾವಾಗ ಬರುತ್ತೆ ಅಂತಲೇ ಗೊತ್ತಾಗ್ತಿರಲಿಲ್ಲ. ಸದ್ದು ಮುಗಿದ ಮೇಲೆ ಬಿಡಿಸೋಕೇ ಆಗದ ಒಗಟು ಕೊಟ್ಟು ಎಷ್ಟು ಸಲ ಪ್ರಯತ್ನ ಮಾಡ್ತಾರೆ ನೋಡಿದರು. ಯಾವಾಗ ಬರುತ್ತೋ ಅಂತ ಕಾದು ಕೂತವರು ಬೇಗ ಕೈಚೆಲ್ಲಿದರು. ಇನ್ನೊಂದು ಗುಂಪಿಗೆ ಒಂದು ಗುಂಡಿ ಕೊಟ್ಟು, ತೀರಾ ತಡೆಯೋಕಾಗದಿದ್ದರೆ ಒತ್ತಿ, ಸದ್ದು ನಿಲ್ಲುತ್ತೆ ಅಂದಿದ್ದರು. ಆ ಗುಂಪಿನಲ್ಲಿ ಬಹಳ ಜನ ಗುಂಡಿ ಮುಟ್ಟಲೇ ಇಲ್ಲ. ಅಷ್ಟೇ ಸದ್ದು ಕೇಳಿಸಿಕೊಂಡರು. ಆದರೂ ಆಮೇಲೆ ಒಗಟಿನ ಜೊತೆ ಬಹಳ ಹೊತ್ತು ಗುದ್ದಾಡಿದರು.

— ನಿಲ್ಲಿಸಬಹುದು ಅನ್ನೋ ಧೈರ್ಯ ಒಂದೇ ಸಾಕಾಯ್ತು.

— ಅಷ್ಟೇ. ನಿನ್ನ ನಾಯಕಿಗೆ ಆ ಗುಂಡಿ ಇಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಇದನ್ನ ನೂರೈವತ್ತು ವರ್ಷಕ್ಕೂ ಹಿಂದೆ ಬರೆದಿದ್ದಾಳೆ. ಶುಶ್ರೂಷೆಯ ಬಗ್ಗೆ ಅವಳ ಪುಸ್ತಕದಲ್ಲಿ ಸದ್ದಿಗೇ ಒಂದು ಅಧ್ಯಾಯ ಇದೆ. ಜೋರು ಸದ್ದಿಗಿಂತ, ಮುಂದೇನೋ ಆಗುತ್ತೆ ಅಂತ ಕಾಯಿಸೋ ಸದ್ದೇ ರೋಗಿಯನ್ನ ಹೆಚ್ಚು ಕಾಡೋದು, ಬಾಗಿಲ ಹೊರಗಿನ ಪಿಸುಮಾತು ಅಂಥದ್ದು ಅಂತ. ಹಾಗಾಗಿ ಡಿಜೆ ಬೇಡ. ಹನ್ನೊಂದೂವರೆಗೆ ಒಂದು ಸಲ ‘ಧಡ್’ ಅನ್ನಿಸಿ ಸುಮ್ಮನಾಗು. ಮುಂದಿನದು ಒಂದು ಗಂಟೆಗೋ ಮೂರಕ್ಕೋ, ಅಥವಾ ಆ ರಾತ್ರಿ ಬರಲೇ ಇಲ್ಲವೋ. ಸದ್ದಿಲ್ಲದ ರಾತ್ರಿ ಅವಳು ಮಲಗಲ್ಲ ನೋಡು.

— ಅದನ್ನ ಈಗಲೇ ಬರ್ಕೋತೀನಿ. ಅತ್ತೆ, ದೂರಿನ ದೃಶ್ಯ ಸಪ್ಪೆ ಅನ್ನಿಸ್ತಿದೆ. ಪೊಲೀಸ್ ಬರ್ತಾರೆ, ಆಗ ಸದ್ದಿರಲ್ಲ, ವಾಪಸ್ ಹೋಗ್ತಾರೆ. ಎಲ್ಲ ಸಿನಿಮಾದಲ್ಲೂ ಇದ್ದಿದ್ದೇ.

— ಸದ್ದಿರಲಿ. ಅಳತೆ ಮಾಡಲಿ. ಮೀಟರೇ ಅವಳನ್ನ ನಂಬದೆ ಹೋಗಲಿ.

— ಹೇಗೆ?

— ನಮ್ಮ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಅದು ಸರಾಸರಿ ಲೆಕ್ಕ. ಒಂದು ಏಟನ್ನ ಇಡೀ ಅವಧಿಗೆ ಹಂಚಿದರೆ ಕಾಗದದ ಮೇಲೆ ಏನೂ ಉಳಿಯಲ್ಲ. ಇನ್ನೊಂದಿದೆ. ಕಾನೂನು ಕೇಳೋದು ‘ಎ’ ತೂಕದ ಡೆಸಿಬೆಲ್. ಮಂದ್ರದ ಸದ್ದಿಗೆ ನಮ್ಮ ಕಿವಿ ಸ್ವಲ್ಪ ಮಂದ, ಅದಕ್ಕೆ ಹೊಂದೋ ಹಾಗೆ ಮೀಟರೂ ಆ ಭಾಗವನ್ನ ಕಳೆದು ತೋರಿಸುತ್ತೆ. ಸೆಕೆಂಡಿಗೆ 63 ಕಂಪನದ ಸದ್ದಾದರೆ ಸುಮಾರು 26 ಡೆಸಿಬೆಲ್ ಕಳೆಯುತ್ತೆ. ಮೋಲ್ಡಿನ ಮೇಲೆ ಹಿಮ್ಮಡಿ ಬಿದ್ದಾಗ ಬರೋ ಸದ್ದಿನ ಹೆಚ್ಚಿನ ಬಲ ಇರೋದು ಅಲ್ಲೇ, ಆ ಮಂದ್ರದಲ್ಲೇ. ಮಂದ್ರದ ಸದ್ದು ಕಿವಿಗೆ ಬೀಳೋಕೇ ಹೆಚ್ಚು ಬಲ ಬೇಕು ನಿಜ, ಆದರೆ ಒಂದು ಸಲ ಕೇಳಿಸೋಕೆ ಶುರುವಾದರೆ ಸ್ವಲ್ಪ ಏರಿದರೂ ಬಹಳ ಜೋರಾದ ಹಾಗೆ ಅನ್ನಿಸುತ್ತೆ. ಎದೆಗೆ ಬಡಿಯುತ್ತೆ. ಮೀಟರಿನ ಮೇಲೆ ಅಂಕಿ ಕದಲಲ್ಲ. ಬಂದವನು ಪ್ರಾಮಾಣಿಕ ಮನುಷ್ಯನೇ ಆಗಿರಲಿ, ತಲೆ ಮೇಲೆ ‘ಧಡ್’ ಅಂತ ಅವನಿಗೂ ಕೇಳಿಸಲಿ. ಆದರೂ ಅಂಕಿ ನೋಡಿ ‘ಮಿತಿಯೊಳಗೇ ಇದೆ ಮೇಡಂ’ ಅಂದು ಹೋಗಲಿ.

— ಅಯ್ಯೋ, ಅವನಿಗೂ ಕೇಳಿಸಿತ್ತು!

— ಕೇಳಿಸಿತ್ತು, ಒಪ್ಪಿಕೊಳ್ಳಲಿಲ್ಲ. ಅದು ಖಾಲಿ ಮನೆಗಿಂತ ಭಯಂಕರ ಅಲ್ವಾ?

— ಬೇರೆ ದೇಶದಲ್ಲಿ ಇದಕ್ಕೇ ಕಾನೂನಿದೆಯಾ?

— ದಕ್ಷಿಣ ಕೊರಿಯಾದಲ್ಲಿದೆ. ಅಪಾರ್ಟ್‌ಮೆಂಟಿನಲ್ಲೇ ಬದುಕೋ ದೇಶ ಅದು. ಮಹಡಿಗಳ ನಡುವಿನ ಸದ್ದಿಗೆ ಅಂತಲೇ ಮಿತಿ ಇಟ್ಟಿದ್ದಾರೆ. ನಡಿಗೆ, ಓಟದಂಥ ಸದ್ದಿಗೆ 2023ರಿಂದ ಒಂದು ನಿಮಿಷದ ಸರಾಸರಿ ಹಗಲು 39, ರಾತ್ರಿ 34 ಡೆಸಿಬೆಲ್. ದೂರು ಕೇಳಿ ರಾಜಿ ಮಾಡಿಸೋಕೆ 2012ರಿಂದ ಸರ್ಕಾರದ ಕೇಂದ್ರವೇ ಇದೆ. ಅಲ್ಲಿನ ಸಿನಿಮಾದವರೂ ಇದನ್ನ ಬಿಟ್ಟಿಲ್ಲ. 2025ರ ‘ನಾಯ್ಸ್’ ಚಿತ್ರದ ನಾಯಕಿಗೆ ಕಿವಿ ಸರಿಯಾಗಿ ಕೇಳಿಸಲ್ಲ. ಕಾಣೆಯಾದ ತಂಗಿಯನ್ನ ಹುಡುಕ್ತಾ ಅಪಾರ್ಟ್‌ಮೆಂಟಿನ ಸದ್ದಿನ ಜಗಳದೊಳಗೆ ಇಳೀತಾಳೆ. ಶ್ರವಣ ಯಂತ್ರ ಹಾಕಿದವಳನ್ನ ಇಂಥ ಕಥೆಯ ನಡುವೆ ನಿಲ್ಲಿಸಿದ್ದು ನನಗೆ ಬಹಳ ಹಿಡಿಸಿತು.

— ಒಂದು ಅನುಮಾನ. ನನ್ನ ನಾಯಕಿಗೆ ಸದ್ದು ಸರಿಯಾಗಿ ಕೇಳಿಸಿದೆ, ಆದರೆ ಬೇರೆ ಮನೆಯವರ ಮೇಲೆ ತಪ್ಪು ಹೊರಿಸಿದ್ದಾಳೆ ಅಂದ್ರೆ? ಅದಕ್ಕೆ ನೀವು ಒಪ್ತೀರಾ?

— ಒಪ್ತೀನಿ, ಅದು ವಿಜ್ಞಾನಕ್ಕೂ ಒಪ್ಪುತ್ತೆ. ಎಡ ಬಲ ಗುರುತು ಹಿಡಿಯೋದರಲ್ಲಿ ನಮ್ಮ ಕಿವಿ ಗಟ್ಟಿ. ಒಂದು ಕಿವಿಗೆ ಸದ್ದು ತಲುಪಿ ಇನ್ನೊಂದಕ್ಕೆ ತಲುಪೋದರೊಳಗೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ವ್ಯತ್ಯಾಸ ಇರುತ್ತೆ, ಅಷ್ಟನ್ನೂ ಮಿದುಳು ಹಿಡಿಯುತ್ತೆ. ಮೇಲೋ ಕೆಳಗೋ ಅನ್ನೋದಕ್ಕೆ ಕಿವಿಯ ಹಾಲೆಯ ಮಡಿಕೆಗಳು ಸಹಾಯ ಮಾಡುತ್ತವೆ, ಅದೂ ತಾರದ ಸದ್ದಿಗೆ ಮಾತ್ರ. ಮಂದ್ರದ ‘ಧಡ್’ ಎಲ್ಲಿಂದ ಬಂತು ಅಂತ ಹೇಳೋದು ಕಷ್ಟ. ಅದರ ಮೇಲೆ ಕಾಂಕ್ರೀಟು ಬೇರೆ. ಕಂಬ, ಬೀಮು ಹಿಡ್ಕೊಂಡು ಕಂಪನ ಎಲ್ಲಿಂದ ಎಲ್ಲಿಗೋ ಹೋಗುತ್ತೆ. ಪಕ್ಕದ ಸಾಲಿನ ಮನೆಯದ್ದು ತಲೆ ಮೇಲಿನದ್ದು ಅನ್ನಿಸಬಹುದು. ನಲ್ಲಿ ತಟ್ಟನೆ ನಿಲ್ಲಿಸಿದರೆ ಪೈಪಿನೊಳಗೆ ನೀರು ಬಡಿದು ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಕೇಳಿಸುತ್ತೆ. ಹಾಗಾಗಿ ಸದ್ದು ನಿಜ, ಆರೋಪ ತಪ್ಪು. ಅವಳು ಮೇಲಿನ ಮನೆಯ ಮುದುಕರ ಮೇಲೆ ಕೂಗಾಡಿಬಿಡಲಿ. ಆ ನಾಚಿಕೆ ಅವಳು ಅನುಭವಿಸಬೇಕು. ಆದರೆ ಅದಾದ ಮೇಲೂ ಸದ್ದು ಬರ್ತಾ ಇರಲಿ.

— ಅವಳು ಒಳ್ಳೆಯವಳೇ ಆಗಿರಬೇಕು ಅಂತಿಲ್ಲ, ಅಲ್ವಾ?

— ಖಂಡಿತ ಇಲ್ಲ. ಕಾಟ ಅನುಭವಿಸಿದವರು ಸೌಮ್ಯವಾಗಿರಬೇಕು ಅಂತ ಯಾರು ಹೇಳಿದ್ದು? ನೂರಿಪ್ಪತ್ತು ವರ್ಷದ ಹಿಂದೆ ನ್ಯೂಯಾರ್ಕಿನಲ್ಲಿ ಜೂಲಿಯಾ ಬಾರ್ನೆಟ್ ರೈಸ್ ಅಂತ ಇದ್ದಳು. ವೈದ್ಯಕೀಯ ಓದಿದವಳು, ಹಡ್ಸನ್ ನದಿಯ ದಡದಲ್ಲಿ ಮನೆ. ನದಿಯ ಟಗ್ ದೋಣಿಗಳು ರಾತ್ರಿಯಿಡೀ ಸುಮ್ಮಸುಮ್ಮನೆ ಸೀಟಿ ಊದೋವು. ದಡದಲ್ಲಿ ಮಲಗಿದ ಹುಡುಗರನ್ನ ಎಬ್ಬಿಸೋಕೆ, ಪರಿಚಯದವರಿಗೆ ನಮಸ್ಕಾರ ಹೇಳೋಕೆ. ಶ್ರೀಮಂತ ಹೆಂಗಸಿನ ಸೂಕ್ಷ್ಮ ನರ ಅಂತ ತಳ್ಳಿಹಾಕೋದು ಸುಲಭವಿತ್ತು. ಅವಳು ಕೊಲಂಬಿಯಾ ವಿಶ್ವವಿದ್ಯಾಲಯದ ಹುಡುಗರನ್ನ ಕೂಲಿಗೆ ಹಿಡಿದು ಸೀಟಿ ಎಣಿಸಿದಳು. ಒಂದೇ ರಾತ್ರಿ ಹತ್ತಿರ ಹತ್ತಿರ ಮೂರು ಸಾವಿರ! 1906ರಲ್ಲಿ ಅನಗತ್ಯ ಸದ್ದಿನ ವಿರುದ್ಧ ಸಂಘ ಕಟ್ಟಿದಳು. 1907ರಲ್ಲಿ ದೋಣಿ ಸೀಟಿಗೆ ಕಡಿವಾಣ ಹಾಕೋ ಕಾನೂನು ಬಂತು. ಆಸ್ಪತ್ರೆಗಳ ಸುತ್ತ ನಿಶ್ಶಬ್ದ ವಲಯ ಬೇಕು ಅಂತ ಹೋರಾಡಿದವಳೂ ಅವಳೇ.

— ಅಂದ್ರೆ ಅವಳು ಸಾಕ್ಷಿಗಳನ್ನ ತಾನೇ ತಯಾರು ಮಾಡ್ಕೊಂಡಳು.

— ಬೇರೆಯವರ ಕಿವಿ ಬಾಡಿಗೆಗೆ ತಗೊಂಡಳು. ತನ್ನ ಕಿವಿಯನ್ನ ಯಾರೂ ನಂಬಲ್ಲ ಅಂತ ಗೊತ್ತಿತ್ತಲ್ಲ ಅವಳಿಗೆ. ಅವಳ ಹತ್ತಿರ ದುಡ್ಡಿತ್ತು. ನಿನ್ನ ನಾಯಕಿ ಹತ್ತಿರ ಇಲ್ಲ.

— ಹಳೇ ವಠಾರ ಆಗಿದ್ದರೆ ಈ ಕಥೆಯೇ ಹುಟ್ತಿರಲಿಲ್ಲ ಅತ್ತೆ. ಗೋಡೆಗೆ ಗೋಡೆ, ರೇಡಿಯೋ, ಒರಳು, ಮಕ್ಕಳ ಅಳು ಎಲ್ಲ ಎಲ್ಲರಿಗೂ ಕೇಳ್ತಿತ್ತು. ಯಾರ ಮನೆಯದ್ದು ಅಂತ ಗೊತ್ತಿರ್ತಿತ್ತು. ‘ಸಾಕು ಮಾಡ್ರೇ’ ಅಂತ ಕೂಗಿದರೆ ನಿಲ್ತಿತ್ತು. ನೀವು ಹೇಳಿದ ಗುಂಡಿ ಅದೇ.

— ಅರ್ಧ ನಿಜ. ಇನ್ನರ್ಧ ನಾನು ಹೇಳ್ತೀನಿ. ವಠಾರದಲ್ಲಿ ರಾತ್ರಿ ಸೊಸೆಗೆ ಬೀಳ್ತಿದ್ದ ಏಟೂ ಎಲ್ಲರಿಗೂ ಕೇಳ್ತಿತ್ತು. ಬೆಳಿಗ್ಗೆ ನಲ್ಲಿ ಹತ್ತಿರ ಅವಳ ಕೆನ್ನೆ ನೋಡಿ ಯಾರೂ ಏನೂ ಕೇಳ್ತಿರಲಿಲ್ಲ. ರೇಡಿಯೋಗೆ ‘ಸಾಕು ಮಾಡ್ರೇ’ ಅಂದವರೇ ಅದಕ್ಕೆ ಬಾಯಿ ಬಿಡ್ತಿರಲಿಲ್ಲ. 2008ರಲ್ಲಿ ‘ಬೆಲ್ ಬಜಾವೋ’ ಅಂತ ಒಂದು ಪ್ರಚಾರ ಬಂತಲ್ಲ, ಪಕ್ಕದ ಮನೆಯಲ್ಲಿ ಹೆಂಗಸಿಗೆ ಹೊಡೆಯೋ ಸದ್ದು ಕೇಳಿದರೆ ಹೋಗಿ ಬಾಗಿಲ ಗಂಟೆ ಒತ್ತಿ ಅಂತ, ನಮ್ಮ ರಾಜ್ಯದಲ್ಲೂ ನಡೀತು. ನೀವು ಏನೂ ಕೇಳಬೇಕಾಗಿಲ್ಲ, ಒಂದು ಲೋಟ ಹಾಲು ಕೇಳಿ, ಟೈಮ್ ಕೇಳಿ. ನಮಗೆ ಕೇಳಿಸ್ತಿದೆ ಅಂತ ಹೊಡೆಯೋನಿಗೆ ಗೊತ್ತಾದರೆ ಸಾಕು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯೂ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು ಅನ್ನುತ್ತೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಬರಲ್ಲ.

— ಹಾಗಾದ್ರೆ ಮೇಲಿನ ಮನೆ ಸದ್ದು ಅದೇ ಆಗಿದ್ದರೆ? ಇವಳು ತನಗೆ ಕಾಟ ಅಂದುಕೊಂಡಿದ್ದು ಇನ್ನೊಬ್ಬಳಿಗೆ ಬೀಳೋ ಏಟಾಗಿದ್ದರೆ?

— ಎಚ್ಚರಿಕೆಯಿಂದ ಬರಿ. ಆಗ ಪ್ರೇಕ್ಷಕ ಇವಳ ಕಡೆ ತಿರುಗಿ, ನಿನ್ನ ನಿದ್ದೆಯದ್ದೇ ನಿನಗೆ ದೊಡ್ಡದಾಯ್ತಾ ಅಂತ ಕೇಳಿಬಿಡ್ತಾನೆ. ಮತ್ತೆ ಇವಳೇ ತಪ್ಪಿತಸ್ಥೆ. ಇವಳ ಸಂಕಟವನ್ನ ಚಿಕ್ಕದು ಮಾಡದೆ ಆ ಇನ್ನೊಬ್ಬಳನ್ನ ತರೋಕಾಗುತ್ತಾ ನೋಡು. ಆಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

— ನನಗೊಂದು ದಾರಿ ಕಾಣಿಸ್ತಿದೆ. ಮನೆಕೆಲಸದಾಕೆ. ಇವಳ ಮನೆಗೂ ಬರ್ತಾಳೆ, ಮೇಲಿನ ಮನೆಗೂ ಹೋಗ್ತಾಳೆ. ಅಪಾರ್ಟ್‌ಮೆಂಟಿನಲ್ಲಿ ಯಾವ ಬಾಗಿಲ ಹಿಂದೆ ಏನಿದೆ ಅಂತ ಗೊತ್ತಿರೋದು ಅವಳೊಬ್ಬಳಿಗೇ. ಅಸೋಸಿಯೇಷನ್, ಪೊಲೀಸ್, ಅಣ್ಣ ಎಲ್ಲರನ್ನೂ ಕೇಳಿದ ನಾಯಕಿ ದಿನಾ ಪಾತ್ರೆ ತೊಳೆದುಕೊಡೋಳನ್ನ ಮಾತ್ರ ಕೇಳಿಲ್ಲ.

— ಯಾಕೆ ಕೇಳಿಲ್ಲ?

— ಅವಳ ಮಾತಿಗೂ ಬೆಲೆ ಇದೆ ಅಂತ ಹೊಳೆದೇ ಇಲ್ಲ. ತನ್ನನ್ನ ಯಾರೂ ನಂಬಲ್ಲ ಅಂತ ಒದ್ದಾಡೋ ಹೆಂಗಸು, ಸಾಕ್ಷಿ ಆಗಬಲ್ಲವಳನ್ನ ಮನೆಯೊಳಗೇ ಇಟ್ಟುಕೊಂಡು ನೋಡಿಲ್ಲ.

— ಇದು ಸಿನಿಮಾ! ಅವಳು ಏನು ಹೇಳ್ತಾಳೆ?

— ಕೇಳಿದ ತಕ್ಷಣ ಹೇಳಲ್ಲ. ಹೇಳಿದರೆ ಮೇಲಿನ ಮನೆ ಕೆಲಸ ಹೋಗುತ್ತೆ. ಬಹುಶಃ ಆ ಕಟ್ಟಡದ ಗೇಟಿನೊಳಗೇ ಬಿಡಲ್ಲ.

— ಹಾಗಾದರೆ ನಾಯಕಿ ನೆಮ್ಮದಿಗೆ ಅವಳು ದಂಡ ತೆರಬೇಕು. ಅದನ್ನ ಒಂದು ಸಂಭಾಷಣೆಯಲ್ಲಿ ಮುಗಿಸಬೇಡ. ಅವಳ ಮನೆಗೂ ಕ್ಯಾಮೆರಾ ಹೋಗಲಿ. ಅವಳ ಮನೆ ಸುತ್ತ ಎಷ್ಟು ಸದ್ದಿದೆ, ಅವಳು ಎಷ್ಟು ಹೊತ್ತು ಮಲಗ್ತಾಳೆ ಅನ್ನೋದು ಕೇಳಿಸಲಿ.

— ಆಗ ಅವಳ ಪಾತ್ರ ನಾಯಕಿಯಷ್ಟೇ ದೊಡ್ಡದಾಗುತ್ತೆ. ನಿರ್ಮಾಪಕರು ಒಬ್ಬಳೇ ನಾಯಕಿ, ಒಂದೇ ಮನೆ, ಕಡಿಮೆ ಬಜೆಟ್ಟು ಅಂದಿದ್ದಾರೆ.

— ಬಜೆಟ್ಟಿನ ಮಾತು ನನಗೆ ಗೊತ್ತಾಗಲ್ಲ. ಆದರೆ ಆಕೆ ‘ನಂಗೂ ಕೇಳ್ಸುತ್ತೆ ಅಕ್ಕ’ ಅನ್ನೋ ದೃಶ್ಯ ಮಧ್ಯಂತರಕ್ಕೆ ಮುಂಚೆನೇ ಇಡು. ಕೊನೆಗೆ ಎತ್ತಿಟ್ಟರೆ ಮತ್ತೆ ತಿರುವಾಗಿಬಿಡುತ್ತೆ. ಇಬ್ಬರಿಗೂ ಕೇಳಿಸಿದೆ ಅಂತ ಗೊತ್ತಾದ ಮೇಲೆ ಆ ಇಬ್ಬರು ಹೆಂಗಸರು ಏನು ಮಾಡ್ತಾರೆ, ಅದನ್ನ ಎರಡನೇ ಅರ್ಧದಲ್ಲಿ ಬರಿ.

— ಖಾಲಿ ಮನೆ ದೃಶ್ಯ?

— ತೆಗೆದುಹಾಕು. ಮೇಲಿನ ಮನೆಯಲ್ಲಿ ಯಾರಿದ್ದಾರೆ ಅಂತ ಮೊದಲು ನಿನಗೆ ಗೊತ್ತಾಗಲಿ. ಅವರ ಹೆಸರು, ಊರು, ರಾತ್ರಿ ಯಾಕೆ ಎದ್ದಿರ್ತಾರೆ ಅನ್ನೋದು ಎಲ್ಲ ಬರೆದುಕೊಂಡು ಭಾನುವಾರ ಬಾ.